ಒಳಗಾಜಿಗೆ ಅಂಟಿಸುವ ಅಕ್ಷರ

ರಾಧಾಮಣಿ ಈಗ ಏನು ಮಾಡಿಕೊಂಡಿದ್ದಾಳೆ ಎಂದು ತಿಪ್ಪಸಂದ್ರದ ಕಡೆಯವರು ಯಾರಾದರೂ ಕೇಳಿದರೆ ಅವಳ ತಾಯಿ ಕೆಂಚಮ್ಮ, "ರಾಮನಗರದಾಗೆ ನನ್ ತಮ್ಮನ ಅಂಗಡೀಲಿ ಸ್ಟಿಕರ್ ಕುಯ್ತಾಳೆ" ಎಂದುಬಿಡುತ್ತಿದ್ದಳು. ಅದೇನೂ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ಆ ಮನೆಯಲ್ಲಿ ಅವಳಿಗೆ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರಿರಲಿಲ್ಲ. ಅಪ್ಪ ತಿಮ್ಮಯ್ಯನಿಗೆ ರುಜು ಹಾಕಲು ಬರುತ್ತಿತ್ತು, ಅಷ್ಟೆ. ಮಗಳು ಪಿಯುಸಿ ಪಾಸಾದಾಗ ಸೋದರಮಾವ ನಟರಾಜು ಊರಿಗೆ ಬಂದು, "ಅಕ್ಕ, ಇವಳ್ನ ನನ್ಜೊತೆ ಕಳ್ಸು. ನಮ್ಮನೇಲೇ ಇದ್ಕಂಡು ಓದ್ಲಿ" ಎಂದು ಕರೆದುಕೊಂಡು ಹೋದ. ಕಾಲೇಜಿನಲ್ಲಿ ಮೂವರಿಗೊಂದು ಕಂಪ್ಯೂಟರ್. ಮಾವನ ರೇಡಿಯಂ ಸ್ಟಿಕರ್ ಅಂಗಡಿಯ ಕಂಪ್ಯೂಟರ್ ಮಾತ್ರ ಗಿರಾಕಿ ಇಲ್ಲದ ಹೊತ್ತಿನಲ್ಲಿ ಪೂರ್ತಿ ಅವಳದೇ. ಬಿ.ಎಸ್ಸಿ. ಮುಗಿದ ಮೇಲೆ, ಒಂದು ಕೆಲಸ ಸಿಗುವವರೆಗೆ ಇರಲಿ ಎಂದು ಅಂಗಡಿಯಲ್ಲಿ ಕುಳಿತವಳು ಹಾಗೇ ಉಳಿದುಕೊಂಡಳು.

ರಾಮನಗರ ಹೊಸದಾಗಿ ಜಿಲ್ಲೆಯಾದ ಕಾಲ ಅದು. ಎಲ್ಲ ಕಚೇರಿ, ಎಲ್ಲ ಸಂಘದ ಬೋರ್ಡಿನಲ್ಲೂ ಜಿಲ್ಲೆಯ ಹೆಸರು ಬದಲಾಗಬೇಕಿತ್ತು. ಬಿಡದಿಯ ಕಾರ್ಖಾನೆಗಳಿಗೆ ಜನರನ್ನು ಹೊತ್ತೊಯ್ಯುವ ಬಸ್ಸು, ಟೆಂಪೊಗಳು ವಾರಕ್ಕೊಂದರಂತೆ ಹೆಚ್ಚುತ್ತಿದ್ದವು. ಅಂಗಡಿಗೆ ಬಿಡುವಿಲ್ಲದ ಕೆಲಸ. ರಾಧಾಮಣಿ ಅಕ್ಷರ ಜೋಡಿಸುವಳು. ಮೆಷಿನ್ನು ತನ್ನ ಪುಟ್ಟ ಬ್ಲೇಡಿನಿಂದ ಬಣ್ಣದ ಹಾಳೆಯ ಮೇಲೆ ಅಕ್ಷರದ ಅಂಚು ಕೊಯ್ಯುವುದು. ಖುರ್ಷಿದಾ ಎಂಬ ಹೆಂಗಸು ಸೂಜಿ ಹಿಡಿದು ಬೇಡದ ಚೂರುಗಳನ್ನು ಎತ್ತಿ ತೆಗೆಯುವಳು. ಗಿರಾಕಿಯ ಜೊತೆ ಮಾತು ಮತ್ತು ಗಾಡಿಗೆ ಅಂಟಿಸುವುದು ನಟರಾಜುವಿನ ಪಾಲು.

ಮೊದಲು ಆ ಅಂಗಡಿಯಲ್ಲಿದ್ದದ್ದು ಯಾರೋ ನಕಲು ಮಾಡಿಕೊಟ್ಟ ಸೀಡಿಯಿಂದ ಹಾಕಿಕೊಂಡ ಕಳ್ಳ ಪ್ರೋಗ್ರಾಂ. ಬೇರೆ ಊರಿನ ಒಂದು ಅಂಗಡಿಗೆ ಅಧಿಕಾರಿಗಳು ಬಂದು ಇಂಥದ್ದೇ ಕಾರಣಕ್ಕೆ ಕಂಪ್ಯೂಟರನ್ನೇ ಎತ್ತಿಕೊಂಡು ಹೋದರು ಎಂಬ ಸುದ್ದಿ ಬಂದ ದಿನ ನಟರಾಜುವಿಗೆ ಅನ್ನ ಸೇರಲಿಲ್ಲ. ಆಗ ರಾಧಾಮಣಿ ಇಂಟರ್‌ನೆಟ್ಟಿನಲ್ಲಿ ಹುಡುಕಿ, ಯಾರು ಬೇಕಾದರೂ ಬಳಸಬಹುದಾದ, ಒಳಗಿನ ಕೋಡನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ಚಿತ್ರ ಬರೆಯುವ ಪ್ರೋಗ್ರಾಮೊಂದನ್ನು ತಂದು ಹಾಕಿದಳು. ಅದರ ಹೆಸರು ನಟರಾಜುವಿನ ಬಾಯಿಗೆ ಹತ್ತಲಿಲ್ಲ. ಅವನು ಅದನ್ನು "ಬಿಟ್ಟಿದು" ಎಂದು ಕರೆದ.

"ಬಿಟ್ಟಿ ಸಿಕ್ಕಿದ್ದು ಯಾವತ್ತು ಕೈ ಕೊಡ್ತದೋ ಏನ್ ಗತಿಯೋ."

"ಕೈ ಕೊಟ್ರೆ ನಾನೇ ಸರಿಮಾಡ್ತೀನಿ ಮಾವ. ಅದ್ಕೇ ತಾನೇ ಕೋಡು ತೆರೆದಿಟ್ಟಿರೋದು."

ನಟರಾಜು ಒಪ್ಪಿದ. ಹಳೆಯ ಸೀಡಿಯನ್ನು ಮಾತ್ರ ಎಸೆಯದೆ, ಅಂಗಡಿಯಲ್ಲಿದ್ದ ದೇವರ ಫೋಟೋದ ಹಿಂದೆ ಸಿಕ್ಕಿಸಿಟ್ಟ. ಏನಕ್ಕಾದರೂ ಇರಲಿ ಎಂದು.

ಕೊಟ್ಟ ಮಾತು ರಾಧಾಮಣಿಯನ್ನು ಎಲ್ಲಿಂದೆಲ್ಲಿಗೋ ಒಯ್ದಿತು. ಮೊದಲು ಒಂದು ಒತ್ತಕ್ಷರದ ಅಂಚು ಸರಿಯಾಗಿ ಬರಲಿಲ್ಲವೆಂದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷಿನಲ್ಲಿ ಒಂದು ಮೇಲ್ ಬರೆದಳು. ಪ್ರೋಗ್ರಾಮಿನ ಮುಖ್ಯ ಹೊಣೆ ಹೊತ್ತಿದ್ದವನು ಯೋಹಾನ್ ಎಂಬ ಯುರೋಪಿನವನು. ಅವನು, ತಪ್ಪು ಎಲ್ಲಿದೆಯೆಂದು ತೋರಿಸಿದ್ದೀರಿ, ನೀವೇ ಏಕೆ ತಿದ್ದಬಾರದು ಎಂದು ಉತ್ತರ ಬರೆದ. ತಿದ್ದಿದಳು. ಅದಾದ ಮೇಲೆ ಇನ್ನೊಂದು. ಒಳಗೆ ಇಳಿದಷ್ಟೂ ಅವಳಿಗೆ ಒಂದು ವಿಚಿತ್ರ ಕಾಣತೊಡಗಿತು: ಆ ಪ್ರೋಗ್ರಾಮಿನಲ್ಲಿ ಒಂದೇ ಗೆರೆಯನ್ನು ಎಳೆಯಲು ಮೂರು ಕಡೆ ಮೂರು ಥರದ ಕೋಡ್ ಇತ್ತು. ಪರದೆಯ ಮೇಲೆ ತೋರಿಸಲು ಒಂದು, ಪ್ರಿಂಟರಿಗೆ ಒಂದು, ಕೊಯ್ಯುವ ಮೆಷಿನ್ನಿಗೆ ಒಂದು. ಮೂರನ್ನೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ಬರೆದಿದ್ದರು. ಒಂದು ಕಡೆ ತಪ್ಪು ತಿದ್ದಿದರೆ ಉಳಿದೆರಡು ಕಡೆ ಅದು ಹಾಗೇ ಕುಳಿತಿರುತ್ತಿತ್ತು. ಮೂರನ್ನೂ ತೆಗೆದು ಒಂದೇ ಮಾಡುತ್ತೇನೆ ಎಂದು ಅವಳು ಯೋಹಾನನಿಗೆ ಬರೆದಳು.

ಆ ಕೆಲಸ ಬೇಸಿಗೆಯಲ್ಲಿ ಶುರುವಾಗಿ, ಮಳೆಗಾಲ ಕಳೆದು, ಅವರೆ ಹೂ ಬಿಡುವವರೆಗೂ ನಡೆಯಿತು. ನಡುವೆ ಒಮ್ಮೆ ಊರಿಗೆ ಹೋದಾಗ ಕೆಂಚಮ್ಮ ಮಗಳ ಕಣ್ಣು ನೋಡಿ ಗಾಬರಿಯಾದಳು.

"ಅದೇನ್ ಅಂತ ಕೆಲ್ಸವ್ವಾ, ಕಣ್ಣು ಹಿಂಗೆ ಗುಳಿ ಬಿದ್ದವೆ?"

"ಒಂದ್ಮನೇಲಿ ಮೂರೊಲೆ ಅವೆ ಕಣವ್ವ. ಮೂರ್ನೂ ಕಿತ್ತು ಒಂದೇ ಒಲೆ ಹಾಕ್ತಾ ಇವ್ನಿ. ಉಣ್ಣೋರ್ಗೆ ಮಾತ್ರ ಗೊತ್ತಾಗ್ಬಾರ್ದು. ಸಾರಿನ ರುಚಿ ಮೊದ್ಲಂಗೇ ಇರ್ಬೇಕು."

"ರುಚಿ ಮೊದ್ಲಂಗೇ ಇದ್ರೆ ನೀನ್ ಮಾಡಿದ್ದೇನ್ ಬಂತು?"

"ಯಾರ್ಗೂ ಏನೂ ಗೊತ್ತಾಗ್ಲಿಲ್ಲ ಅಂದ್ರೇನೇ ಈ ಕೆಲ್ಸ ಸರಿಯಾಗೈತೆ ಅಂತ."

"ಹೂಂ, ಹಂಗನ್ನು. ಮೂರ್ ಜನ ವಾರಗಿತ್ತೀರ್ನ ಒಂದೊಲೆ ಮುಂದೆ ಕುಂಡ್ರುಸ್ದಂಗೆ" ಎಂದು ಕೆಂಚಮ್ಮ ನಕ್ಕಳು. "ಎಲ್ಲೋ ಒಂದ್ಕಡೆ ಜಗಳ ಬಂದೇ ಬತ್ತದೆ, ನೋಡ್ಕೊ."

ಜಗಳ ಬಂದದ್ದು ಒಂದು ಸಾಲಿನಲ್ಲಿ.

ಅಕ್ಷರವನ್ನು ದಪ್ಪ ಮಾಡಬೇಕಾದಾಗ ಆ ಪ್ರೋಗ್ರಾಂ ಒಂದು ಸರಳ ನಿಯಮ ಪಾಲಿಸುತ್ತಿತ್ತು. ಅಕ್ಷರದ ಅಂಚೇ ಒಂದು ದಾರಿ, ಅದರ ಗುಂಟ ಒಬ್ಬ ಮನುಷ್ಯ ನಡೆಯುತ್ತಿದ್ದಾನೆ ಎಂದುಕೊಳ್ಳಿ. ಅವನ ಎಡಗೈ ಕಡೆಗೆ ಒಂದಿಷ್ಟು ದಪ್ಪ ಸೇರಿಸು, ಇಷ್ಟೇ ನಿಯಮ. ಮೂರೂ ಕೋಡಿನಲ್ಲಿ ಅದು ಒಂದೇ. ಆದರೆ ಕೊಯ್ಯುವ ಮೆಷಿನ್ನಿನ ಕೋಡಿನಲ್ಲಿ ಮಾತ್ರ ಹೆಚ್ಚಿನ ಒಂದು ಸಾಲಿತ್ತು. ಚಿತ್ರವನ್ನು ಕನ್ನಡಿಯಲ್ಲಿ ಕಾಣುವಂತೆ ಉಲ್ಟಾ ತಿರುಗಿಸಿದ್ದರೆ ಎಡದ ಬದಲು ಬಲಕ್ಕೆ ಸೇರಿಸು ಎಂದು. ಏಕೆ ಎಂಬ ವಿವರಣೆ ಅಲ್ಲಿರಲಿಲ್ಲ. ಬರೆದವನು ಯಾವತ್ತೋ ಬಿಟ್ಟುಹೋಗಿದ್ದ. ಪರದೆಯ ಕೋಡಿನಲ್ಲಾಗಲಿ ಪ್ರಿಂಟರಿನ ಕೋಡಿನಲ್ಲಾಗಲಿ ಅಂಥ ಸಾಲಿಲ್ಲ. ಇಬ್ಬರು ಒಂದು ಮಾತು ಹೇಳಿ ಮೂರನೆಯವನು ಬೇರೆ ಹೇಳಿದರೆ ತಪ್ಪು ಮೂರನೆಯವನದೇ ಇರಬೇಕು. ಆದರೂ ರಾಧಾಮಣಿ ಹಾಗೇ ನಂಬಲಿಲ್ಲ. ಪ್ರೋಗ್ರಾಮಿನವರು ಪರೀಕ್ಷೆಗೆಂದೇ ಇಟ್ಟಿದ್ದ ಚಿತ್ರಗಳನ್ನೆಲ್ಲ ಆ ಸಾಲು ಇಟ್ಟೂ ತೆಗೆದೂ ಎಳೆಸಿ ನೋಡಿದಳು. ಒಂದರಲ್ಲೂ ಕೂದಲಷ್ಟು ವ್ಯತ್ಯಾಸ ಬರಲಿಲ್ಲ. ಸಾಲನ್ನು ತೆಗೆದಳು. ಹಿತ್ತಲಿನ ಕಳೆ ಕಿತ್ತಷ್ಟು ಹಗುರವಾಯಿತು ಮನಸ್ಸಿಗೆ.

ಅವಳ ಕೆಲಸವನ್ನು ಒಪ್ಪಿದ ಯೋಹಾನ್, ಬರುವ ಭಾನುವಾರ ಬಿಡುಗಡೆಯಾಗುವ ಹೊಸ ಆವೃತ್ತಿಯಲ್ಲಿ ಅದು ಸೇರುತ್ತದೆ ಎಂದು ಬರೆದ. ಕೊನೆಯಲ್ಲಿ ಒಂದು ಎಚ್ಚರಿಕೆ ಇತ್ತು. ಅಷ್ಟರೊಳಗೆ ಗೆರೆ ಎಳೆಯುವುದರಲ್ಲಿ ತಪ್ಪು ಕಂಡರೆ ಹೊಸದನ್ನು ಹೊರಗಿಟ್ಟು ಹಳೆಯ ಮೂರು ಕೋಡನ್ನೇ ಕಳಿಸಬೇಕಾಗುತ್ತದೆ. ಕೊನೆ ಗಳಿಗೆಯಲ್ಲಿ ಹುಡುಕಾಡಲು ಯಾರಿಗೂ ಪುರಸೊತ್ತಿಲ್ಲ. ಹೊರಗಿಟ್ಟದ್ದು ಮತ್ತೆ ಒಳಗೆ ಬರುವುದು ಅಪರೂಪ ಎಂಬುದು ರಾಧಾಮಣಿಗೆ ಗೊತ್ತಿತ್ತು. ಸೋಮವಾರ ಬೆಳಿಗ್ಗೆ ಅವಳು ಹೊಸದನ್ನು ಅಂಗಡಿಯ ಕಂಪ್ಯೂಟರಿಗೂ ಹಾಕಿದಳು. ಆ ವಾರವೆಲ್ಲ ನಂಬರ್ ಪ್ಲೇಟು, ಬೋರ್ಡುಗಳದ್ದೇ ಕೆಲಸ. ಎಲ್ಲವೂ ಚೆನ್ನಾಗಿ ಬಂದವು.

ಶುಕ್ರವಾರ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಸ್ವಾಮಿ ಬಂದು ನಿಂತಿದ್ದ. ಕನಕಪುರ ರಸ್ತೆಯ ಆಟೋ ಸ್ಟ್ಯಾಂಡಿನವನು. ಹೊಸ ಆಟೋಗೆ ಸೇವಂತಿಗೆ ಹಾರ ಹಾಕಿದ್ದ, ಚಕ್ರದ ಕೆಳಗಿಡಲು ನಿಂಬೆಹಣ್ಣು ಕೈಯಲ್ಲೇ ಹಿಡಿದಿದ್ದ.

"ನಟರಾಜಣ್ಣ, ಹತ್ತೂವರೆಗೆ ರಾಹುಕಾಲ. ಅಷ್ಟ್ರೊಳ್ಗೆ ಅಂಟುಸ್ಬುಡು, ಪೂಜೆ ಮಾಡ್ಕಂಡು ಹೊಂಟೋಯ್ತೀನಿ."

"ಏನ್ ಬರೀಬೇಕ್ಲಾ? ಅವ್ವನ ಹೆಸ್ರೋ, ದೇವ್ರೆಸ್ರೋ?"

"ಅವೆಲ್ಲ ಹಿಂದ್ಗಡೆ ಬಣ್ಣದಲ್ಲಿ ಬರ್ಸಿವ್ನಿ. ಮುಂದ್ಗಡೆ ಗಾಜ್ಗೆ 'ಉರ್ಕೊಂಡ್ರೆ ನಾನೇನ್ ಮಾಡ್ಲಿ' ಅಂತ ಹಾಕು. ದಪ್ಪಕೆ. ಒಳ್ಗಡೆಯಿಂದ ಅಂಟ್ಸು, ಇಲ್ಲಾಂದ್ರೆ ತೊಳ್ದು ತೊಳ್ದು ಎದ್ದೋಯ್ತದೆ."

ಸೂಜಿ ಹುಡುಕುತ್ತಿದ್ದ ಖುರ್ಷಿದಾ ತಲೆ ಎತ್ತಿದಳು. "ಯಾರಪ್ಪಾ ನಿನ್ ನೋಡಿ ಉರ್ಕೊಳ್ಳೋರು?"

"ಸ್ಟ್ಯಾಂಡ್‌ನಾಗಿರೋರೆಲ್ಲ ಉರ್ಕಂಡಾಯ್ತು ಖುರ್ಷಿದಕ್ಕ. ನೀವೊಬ್ರೇ ಬಾಕಿ."

ಗಾಜಿನ ಒಳಗಡೆಯಿಂದ ಅಂಟಿಸುವ ಅಕ್ಷರವನ್ನು ಉಲ್ಟಾ ಕೊಯ್ಯಬೇಕು. ಆಗಲೇ ಹೊರಗಿನವರಿಗೆ ಅದು ನೇರವಾಗಿ ಓದಲು ಸಿಗುವುದು. ಈ ಕೆಲಸವನ್ನು ಮಾತ್ರ ನಟರಾಜು ತಾನೇ ಕಂಪ್ಯೂಟರಿನ ಮುಂದೆ ಕುಳಿತು ಮಾಡುತ್ತಿದ್ದ, ಅದಕ್ಕೆ ಅವನದೇ ಒಂದು ರೂಢಿ ಇತ್ತು. ಅಕ್ಷರ ಟೈಪು ಮಾಡಿದ ಕೂಡಲೇ, ಬೇರೇನೂ ಮಾಡುವ ಮೊದಲು, ಅದನ್ನು ಉಲ್ಟಾ ತಿರುಗಿಸಿಬಿಡುವುದು. ಹಿಂದೊಮ್ಮೆ ತಿರುಗಿಸಲು ಮರೆತು ಇಡೀ ಹಾಳೆ ಹಾಳು ಮಾಡಿಕೊಂಡಾಗಿನಿಂದ ಬಂದ ಅಭ್ಯಾಸ. ಅವತ್ತೂ ಅವನೇ ಕುಳಿತು ಟೈಪು ಮಾಡಿದ, ತಿರುಗಿಸಿದ, ಆಮೇಲೆ ದಪ್ಪ ಮಾಡಿದ. ಪರದೆಯಲ್ಲಿ ಅಕ್ಷರ ಸೊರಗಿದಂತೆ ಕಂಡಿತು. ಅವನು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಬಿಟ್ಟಿದು ಯಾವತ್ತೂ ಹಾಗೇ; ಉಲ್ಟಾ ಅಕ್ಷರ ಪರದೆಯಲ್ಲಿ ಬಡಕಲಾಗಿ ಕಂಡರೂ ಕೊಯ್ದಾಗ ದಪ್ಪ ಬರುತ್ತಿತ್ತು.

ಮೆಷಿನ್ನು ಕೊಯ್ದು ಮುಗಿಸಿತು. ಖುರ್ಷಿದಾ ಸೂಜಿ ಹಾಕಿ ಒಂದು ತುದಿ ಎತ್ತಿದಳು. ಚೂರಿನ ಜೊತೆ ಅಕ್ಷರದ ಬಾಲವೂ ಎದ್ದು ಬಂತು.

"ಅಣ್ಣಾ, ಇದೇನ್ ಅಕ್ಷರನಾ, ಕೂದ್ಲಾ?"

"ಬ್ಲೇಡ್ ಮೊಂಡಾಗೈತೇನೋ." ನಟರಾಜು ಬ್ಲೇಡು ಬದಲಾಯಿಸಿ ಇನ್ನೊಂದು ಹಾಳೆ ಹಾಕಿದ. ಮತ್ತೆ ಅದೇ. ಹೊಟ್ಟೆಗಿಲ್ಲದೆ ಬಡಕಲಾದ ಅಕ್ಷರಗಳು.

ಸ್ವಾಮಿ ಇಣುಕಿ ನೋಡಿದ. "ಅಯ್ಯೋ, ನಾನ್ ಬೇರೇರು ಉರ್ಕಳ್ಳಿ ಅಂದ್ರೆ ಅಕ್ಷರವೇ ಉರ್ಕಂಡು ಸಣ್ಣಗಾಗೋಗೈತಲ್ಲಣ್ಣ!"

ನಟರಾಜು ನಗಲಿಲ್ಲ. ಅಕ್ಕನ ಮಗಳ ಕಡೆ ತಿರುಗಿದ. "ಸೋಮವಾರ ಹೊಸ್ದು ಹಾಕ್ದಲ್ಲಮ್ಮಿ, ಏನ್ ಮಾಡ್ದೆ ಅದ್ರೊಳ್ಗೆ?"

ರಾಧಾಮಣಿಗೆ ಭಾನುವಾರಕ್ಕೆ ಎಷ್ಟು ಹೊತ್ತು ಉಳಿದಿದೆ ಎಂಬುದೇ ಮೊದಲು ಹೊಳೆದದ್ದು. ಮಾವನ ಕಣ್ಣು ದೇವರ ಫೋಟೋದ ಕಡೆ ಹೋದದ್ದನ್ನೂ ಕಂಡಳು.

"ಇವತ್ತೊಂದಿನ ಹಳೇದ್ರಾಗೆ ಕುಯ್ಕಳವಾ?"

"ಬ್ಯಾಡ ಮಾವ. ಒಸಿ ಹೊತ್ತು ಕೊಡಿ."

"ನಾನ್ ಕೊಡ್ಬೋದು ಕಣವ್ವ, ರಾಹುಕಾಲ ಕೊಡ್ಬೇಕಲ್ಲ" ಎಂದ ಸ್ವಾಮಿ. "ಆಗ್ಲಿ, ಮೊದ್ಲು ಪೂಜೆ ಮುಗುಸ್ಕಂಬುಡ್ತೀನಿ. ನೀವ್ ಅಷ್ಟ್ರಾಗೆ ಅದುಕ್ಕೊಂದಿಷ್ಟು ಅನ್ನ ಇಕ್ಕಿ."

ಅವಳು ಕಂಪ್ಯೂಟರಿನ ಮುಂದೆ ಕುಳಿತಳು. ನೇರ ಅಕ್ಷರ ದಪ್ಪ ಮಾಡಿದರೆ ಸರಿಯಾಗಿ ಬರುತ್ತಿತ್ತು. ಉಲ್ಟಾ ತಿರುಗಿಸಿ ದಪ್ಪ ಮಾಡಿದರೆ ಸಣ್ಣಗಾಗುತ್ತಿತ್ತು. ತಾನು ಕಿತ್ತೆಸೆದ ಸಾಲು ಆಗಲೇ ನೆನಪಿಗೆ ಬಂತು. ಆದರೆ ಆ ಸಾಲು ಏಕೆ ಬೇಕು? ಅದು ಗೊತ್ತಾಗದೆ ಮತ್ತೆ ಹಾಕಿದರೆ ನೇರವಾಗಿದ್ದದ್ದು ಕೆಟ್ಟೀತು. ಪರೀಕ್ಷೆಯ ಚಿತ್ರಗಳಲ್ಲಿ ಯಾವುದೂ ಅದನ್ನು ಕೇಳಿರಲಿಲ್ಲವಲ್ಲ.

ಉಲ್ಟಾ ಅಕ್ಷರವನ್ನು ಗಿರಾಕಿಗೆ ಓದಿಸಲೆಂದು ನಟರಾಜು ಮೇಜಿನ ಪಕ್ಕದ ಗೋಡೆಗೆ ಒಂದು ಕನ್ನಡಿ ತೂಗುಹಾಕಿದ್ದ. ರಾಧಾಮಣಿ ಹಾಳಾದ ಹಾಳೆಯನ್ನು ಅದಕ್ಕೆ ಹಿಡಿದು ನೋಡುತ್ತಿದ್ದಳು. ಕನ್ನಡಿಯ ಮೂಲೆಯಲ್ಲಿ ರಸ್ತೆ ಕಾಣುತ್ತಿತ್ತು. ಸ್ವಾಮಿ ಕರ್ಪೂರದ ತಟ್ಟೆ ಹಿಡಿದು ಆಟೋ ಸುತ್ತ ಬರುತ್ತಿದ್ದ. ಆಟೋ ಅವನ ಎಡಗೈ ಕಡೆಗಿತ್ತು.

ಅಯ್ಯೋ, ಇವನೇಕೆ ಅಪ್ರದಕ್ಷಿಣೆ ಹಾಕುತ್ತಿದ್ದಾನೆ ಎಂದು ಅವಳು ತಟ್ಟನೆ ಹಿಂದಿರುಗಿ ನೋಡಿದಳು. ಸ್ವಾಮಿ ಸರಿಯಾಗಿಯೇ ಸುತ್ತುತ್ತಿದ್ದ. ಆಟೋ ಅವನ ಬಲಗೈಗೇ ಇತ್ತು. ಅಪ್ರದಕ್ಷಿಣೆ ಕನ್ನಡಿಯದು.

ಅವಳು ಕನ್ನಡಿ ನೋಡಿದಳು, ಮತ್ತೆ ರಸ್ತೆ ನೋಡಿದಳು. ಪ್ರದಕ್ಷಿಣೆ ಬರುವವನಿಗೆ ಎಡಗೈ ಎಂದರೆ ಹೊರಗಡೆ. ಅವನನ್ನೇ ಕನ್ನಡಿಯಲ್ಲಿ ತಿರುಗಿಸಿದರೆ ಎಡಗೈ ಒಳಗಡೆಗೆ ಬಂತು. ಅಕ್ಷರದ ಅಂಚಿನಲ್ಲಿ ನಡೆಯುವ ಮನುಷ್ಯನ ಕಥೆಯೂ ಇದೇ. ಚಿತ್ರ ಉಲ್ಟಾ ಆದೊಡನೆ ಅವನೂ ಉಲ್ಟಾ ಸುತ್ತುತ್ತಾನೆ. ಎಡಕ್ಕೆ ಸೇರಿಸು ಎಂದ ದಪ್ಪವು ಅಕ್ಷರದ ಹೊರಗೆ ಬೆಳೆಯದೆ ಒಳಗಿನಿಂದ ಅದನ್ನು ತಿನ್ನುತ್ತದೆ. ಅದಕ್ಕೇ ಆಗ ಎಡವನ್ನು ಬಲ ಮಾಡು ಎಂದು ಆ ಹೆಸರಿಲ್ಲದವನು ಬರೆದಿದ್ದ. ಮೂವರಲ್ಲಿ ಅವನೊಬ್ಬನೇ ಸರಿ. ತಪ್ಪಿದ್ದದ್ದು ಉಳಿದಿಬ್ಬರಲ್ಲಿ, ಅದಕ್ಕೇ ಇಷ್ಟು ದಿನ ಪರದೆಯಲ್ಲಿ ಅಕ್ಷರ ಬಡಕಲಾಗಿ ಕಾಣುತ್ತಿತ್ತು. ಇನ್ನು ಪರೀಕ್ಷೆಯ ಚಿತ್ರಗಳೋ? ಅವುಗಳಲ್ಲೂ ಉಲ್ಟಾ ಚಿತ್ರಗಳಿದ್ದವು. ಆದರೆ ಎಲ್ಲರೂ ಮೊದಲು ದಪ್ಪ ಮಾಡಿ ಆಮೇಲೆ ತಿರುಗಿಸಿದ್ದರು. ಮೊದಲು ತಿರುಗಿಸಿ ಆಮೇಲೆ ದಪ್ಪ ಮಾಡುವವನು ತನ್ನ ಮಾವ. ಎಷ್ಟೋ ಸಲ ಅದನ್ನು ಪಕ್ಕದಲ್ಲೇ ಕುಳಿತು ನೋಡುತ್ತಿದ್ದವಳು ತಾನು!

"ಮಾವ, ಮೊದ್ಲು ದಪ್ಪ ಮಾಡಿ. ತಿರುಗ್ಸೋದು ಆಮೇಲೆ" ಎಂದಳು.

ಈ ಸಲ ಅಕ್ಷರಗಳು ಉಂಡು ಎದ್ದವರಂತೆ ಬಂದವು. ಖುರ್ಷಿದಾ ಬೇಗ ಬೇಗ ಚೂರು ಕಿತ್ತಳು. ನಟರಾಜು ಆಟೋದೊಳಗೆ ನುಗ್ಗಿ ಗಾಜಿಗೆ ನೀರು ಚಿಮುಕಿಸಿ ಅಂಟಿಸಿದ. ರಾಹುಕಾಲ ಶುರುವಾಗುವ ಮೊದಲೇ ಸ್ವಾಮಿ ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿಕೊಂಡು ಹೊರಟುಹೋದ.

ನಟರಾಜು ಕೈ ಒರೆಸಿಕೊಂಡ. "ಸರಿ ಬುಡು, ಇನ್ಮೇಲೆ ಮೊದ್ಲು ದಪ್ಪ, ಆಮೇಲೆ ತಿರುವು. ನಂದೇ ಅಭ್ಯಾಸ ಬದ್ಲಾಯಿಸ್ಕತೀನಿ. ಮುಗೀತಲ್ಲ?"

ಮುಗಿಸಬಹುದಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಭಾನುವಾರ ಅವಳ ಕೋಡು ಹೊರಬೀಳುತ್ತದೆ. ಹೇಳಿದರೆ ಯೋಹಾನ್ ತಾನೇ ಬರೆದಂತೆ ಅದನ್ನು ಹೊರಗಿಡುತ್ತಾನೆ. ಬೇಸಿಗೆಯಿಂದ ಕೂತ ಕೆಲಸ.

"ಇಲ್ಲಿ ಮುಗೀತು ಮಾವ. ಆದ್ರೆ ಆ ಸಾಲು ಬರ್ದೋನು ನಿಮ್ಮಂತೋರ್ನ ಎಲ್ಲೋ ನೋಡೇ ಬರ್ದಿರ್ಬೇಕು. ಅಂತೋರು ಇನ್ನೂ ಇದ್ರೆ? ಅವ್ರ ಹಾಳೆ ಹಾಳಾದ್ರೆ ಅವ್ರ್ಯಾರ್ನ ಕೇಳ್ತಾರೆ?"

ಖುರ್ಷಿದಾ ಕಿತ್ತ ಚೂರುಗಳನ್ನು ಉಂಡೆ ಮಾಡುತ್ತಾ, "ಹೇಳ್ಬಿಡು ಮಣಿ. ಹೊಟ್ಟೇಲಿಟ್ಕೊಂಡ್ರೆ ನೀನೇ ಸಣ್ಣಗಾಗ್ತೀಯ, ಆ ಅಕ್ಷರದ್ ಥರ" ಎಂದಳು.

ರಾಧಾಮಣಿ ಬರೆದಳು. ಏನು ತಪ್ಪಾಯಿತು, ಏಕಾಯಿತು, ತಾನು ತೆಗೆದ ಸಾಲು ಯಾವುದು, ಅದನ್ನು ಎಲ್ಲಿ ಸೇರಿಸಿದರೆ ಮೂರಕ್ಕೂ ಸರಿಯಾಗುತ್ತದೆ, ಎಲ್ಲವನ್ನೂ. ದೇವರಿಗೆ ಸುತ್ತು ಬರುವ ಉದಾಹರಣೆಯನ್ನೂ ತನಗೆ ಬಂದ ಇಂಗ್ಲಿಷಿನಲ್ಲಿ ಕೊಟ್ಟಳು. ನಿಮ್ಮ ನಿಯಮದಂತೆ ಹೊರಗಿಟ್ಟರೆ ನನಗೆ ಅರ್ಥವಾಗುತ್ತದೆ ಎಂದು ಕೊನೆಗೆ ಸೇರಿಸಿ ಕಳಿಸಿದಳು. ಕಳಿಸುತ್ತಿದ್ದಂತೆ ಕರೆಂಟು ಹೋಯಿತು.

ಮಧ್ಯಾಹ್ನ ಕರೆಂಟು ಬಂದಾಗ ಯುರೋಪಿನಲ್ಲಿ ಇನ್ನೂ ಬೆಳಗು. ಟೀ ಹೊತ್ತಿಗೆ ಉತ್ತರ ಬಂತು. ಅವಳು ಒಮ್ಮೆಗೇ ತೆರೆಯಲಾರದೆ, "ಖುರ್ಷಿದಕ್ಕ, ನೀವೇ ಒಂದ್ಸಲ ಒತ್ತಿ" ಎಂದಳು. ಖುರ್ಷಿದಾ ಬಿಸ್ಮಿಲ್ಲಾ ಅಂದು ಮೌಸು ಒತ್ತಿದಳು.

ಯೋಹಾನ್ ಬರೆದಿದ್ದ: ಹೊರಗಿಡುತ್ತೇನೆಂದದ್ದು ತಪ್ಪನ್ನು ಹುಡುಕುವವರಿಲ್ಲದಿದ್ದರೆ ಏನು ಗತಿ ಎಂಬ ಭಯಕ್ಕೆ. ನಿಮ್ಮ ಒಂದೇ ಪತ್ರದಲ್ಲಿ ತಪ್ಪೂ ಇದೆ, ಕಾರಣವೂ ಇದೆ, ಮದ್ದೂ ಇದೆ. ಇಂಥದ್ದನ್ನು ಹೊರಗಿಟ್ಟರೆ ನಾವು ಮೂರ್ಖರು. ಆ ಸಾಲನ್ನು ಮತ್ತೆ ಹಾಕಿ. ಅದರ ಮೇಲೆ ಅದು ಏಕಿದೆ ಎಂದು ಬರೆಯಿರಿ, ಮುಂದೆ ಇನ್ಯಾರೂ ಕೀಳದಂತೆ. ಆ ಸಾಲಿಲ್ಲದಿದ್ದರೆ ಕೆಟ್ಟು ಕಾಣುವ ಒಂದು ಚಿತ್ರವನ್ನೂ ಪರೀಕ್ಷೆಗೆ ಕೊಡಿ.

ರಾಧಾಮಣಿ ಎರಡು ಸಲ ಓದಿದಳು. ಕಣ್ಣಲ್ಲಿ ನೀರು ಬಂದು ಪರದೆ ಮಸುಕಾಯಿತು. ಖುರ್ಷಿದಾ ಹೆದರಿ, "ಏನಂತೆ? ಬೈದ್ನಾ?" ಎಂದಳು.

"ಇಲ್ಲಕ್ಕ. ಇಟ್ಕತೀವಿ ಅಂದವ್ರೆ."

ಶನಿವಾರ ಮಧ್ಯಾಹ್ನದೊಳಗೆ ಸಾಲು ತನ್ನ ಜಾಗಕ್ಕೆ ಬಂತು. ಈಗ ಪರದೆಗೂ ಪ್ರಿಂಟರಿಗೂ ಮೆಷಿನ್ನಿಗೂ ಸೇರಿ ಒಂದೇ ಕಡೆ. ನಟರಾಜುವಿನ ರೂಢಿಯಂತೆ ಮೊದಲು ತಿರುಗಿಸಿ ಆಮೇಲೆ ದಪ್ಪ ಮಾಡಿದಾಗ ಪರದೆಯಲ್ಲೂ ಅಕ್ಷರ ದಪ್ಪವಾಗಿಯೇ ಕಂಡಿತು. ನಟರಾಜು ಅದನ್ನು ತುಸು ಅನುಮಾನದಿಂದಲೇ ನೋಡಿದ. ಬಿಟ್ಟಿದು ಅವನ ಕಣ್ಣಿಗೆ ಸರಿಯಾಗಿ ಕಂಡದ್ದು ಅದೇ ಮೊದಲು. ಪರೀಕ್ಷೆಯ ಚಿತ್ರಕ್ಕೆ ರಾಧಾಮಣಿ ಬೇರೇನೂ ಹುಡುಕಲಿಲ್ಲ, ಸ್ವಾಮಿಯ ಆಟೋದ ಅಕ್ಷರವನ್ನೇ ಉಲ್ಟಾ ಮಾಡಿ ಕೊಟ್ಟಳು. ಅದರ ಅರ್ಥವೇನೆಂದು ಯೋಹಾನ್ ಕೇಳಿದ್ದಕ್ಕೆ ಕಷ್ಟಪಟ್ಟು ವಿವರಿಸಿದಳು. ಭಾನುವಾರ ಹೊಸ ಆವೃತ್ತಿ ಬಿಡುಗಡೆಯಾಯಿತು.

ಸುದ್ದಿ ಕೇಳಿದ ಸ್ವಾಮಿ ಮುಂದಿನ ವಾರ ಅಂಗಡಿ ಮುಂದೆ ಆಟೋ ನಿಲ್ಲಿಸಿ, "ಹಂಗಾರೆ ಪ್ರಪಂಚದಾಗೆ ಯಾರೇ ಇದ್ನ ರಿಪೇರಿ ಮಾಡಿದ್ರೂ ನನ್ ಆಟೋ ನೋಡೇ ಮುಂದುಕ್ ಹೋಗ್ಬೇಕು ಅನ್ನಿ. ಈಗ್ಲಾದ್ರೂ ಉರ್ಕಳಿ ಖುರ್ಷಿದಕ್ಕ!" ಎಂದ.

"ಉರ್ಕೊಂಡ್ರೆ ನೀನೇನ್ ಮಾಡ್ತೀಯಾ, ಹೋಗಪ್ಪಾ" ಎಂದಳು ಖುರ್ಷಿದಾ.

ಆ ತಿಂಗಳು ರಾಧಾಮಣಿ ಊರಿಗೆ ಹೊರಟಾಗ ನಟರಾಜು ದೇವರ ಫೋಟೋದ ಹಿಂದೆ ಕೈ ಹಾಕಿ ಹಳೆಯ ಸೀಡಿ ತೆಗೆದ. ಧೂಳು ಒರೆಸಿ ಅವಳ ಕೈಗೆ ಕೊಟ್ಟ.

"ನಿಮ್ಮವ್ವಂಗೆ ಕೊಡು. ಅವರೆ ಹೊಲ್ದಾಗೆ ಗಿಳಿ ಕಾಟ ಅಂತಿದ್ಲು. ದಾರ ಕಟ್ಟಿ ನೇತಾಕಿದ್ರೆ ಬಿಸ್ಲಿಗೆ ಪಳಪಳ ಅಂತದೆ, ಒಂದೂ ಹತ್ರ ಬರಾಕಿಲ್ಲ."

"ಏನಕ್ಕಾದ್ರೂ ಬೇಕಾದ್ರೆ ಮಾವ?"

"ಇನ್ಯಾಕಮ್ಮಿ? ನೀನಿದ್ದೀಯಲ್ಲ."

ಮಾಗಡಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತ ರಾಧಾಮಣಿ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ಎಷ್ಟೋ ತಿಂಗಳ ಮೇಲೆ ಮೊದಲ ಸಲ, ಊರು ಬರುವವರೆಗೂ ಹಾಯಾಗಿ ನಿದ್ದೆ ಮಾಡಿದಳು.